ಮಾರಾಟವಾದ ಮೊದಲ ಮನೆ

ಬಕೆಟ್ಟಿಗೆ ಕೈ ಹಾಕಿ ಇನ್ನೊಂದು ಬೀಗದ ಕೈ ಎತ್ತಿದೆ. ಅದೂ ತಿರುಗಲಿಲ್ಲ.

"ಇದು ಎಷ್ಟನೇದೋ, ಮಹಾರಾಯ?" ಅಂದರು ಅತ್ತಿಗೆ.

"ಲಕ್ಷ ದಾಟಿದೆ."

"ಲಕ್ಷಾನೂ ಇಲ್ಲ, ಗಿಕ್ಷಾನೂ ಇಲ್ಲ. ನನ್ನ ಸೊಂಟ ಬಿದ್ದುಹೋಗಿರೋದು ಮಾತ್ರ ನಿಜ. ಜರುಗು ಆಚೆ."

ಭೂಮಂಡಲದಲ್ಲಿ ನನ್ನಂಥ ಪತ್ತೇದಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ. ಅಂಥ ನಾನು ಬೆಳಗಿನಿಂದ ಬಕೆಟ್ಟು ಹೊತ್ತುಕೊಂಡು, ಹಾಲು ಮಾರುವವನ ಹಾಗೆ, ಖಾಲಿ ಮನೆಗಳ ಬಾಗಿಲು ಬಾಗಿಲು ಅಲೆಯುತ್ತಿದ್ದೆ. ಹೋದ ವಾರ ಓದದವರಿಗೆ ಒಂದೇ ಮಾತು: ಎಲ್ಲರೂ 'ಏರುಗತಿ' ಎಂದು ಕರೆಯುವ ಮನೆ ದಲ್ಲಾಳಿಯ ತಂಗಿ, ಅವನ ಕಚೇರಿ ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ಸಾಗಿದ ದಿನವೇ, ಅಂದರೆ ಹಿಂದಿನ ಸಂಜೆಯೇ, ಕಾಣೆಯಾಗಿದ್ದಳು. "ಅಣ್ಣಾ, ಈ ಮನೇಲಿ ಯಾರೋ ಇದಾರೆ" ಎಂದು ಫೋನಿನಲ್ಲಿ ಪಿಸುಗುಟ್ಟಿದ್ದಳು; ಯಾವ ಮನೆ ಎನ್ನುವಷ್ಟರಲ್ಲಿ ಫೋನು ಸತ್ತಿತ್ತು.

ಅವಳ ಕೆಲಸ ವಿಚಿತ್ರ. ಮಾರಾಟವಾಗದ ಮನೆಗಳಲ್ಲಿ ಸಂಜೆ ದೀಪ ಹಾಕುವುದು, ಹಗ್ಗದ ಮೇಲೆ ಬಟ್ಟೆ ಹರವುವುದು, ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಬಿಡುವುದು. ಬೀದಿಯೆಲ್ಲ ಕತ್ತಲಾಗಿದ್ದರೆ ಮನೆ ಕೊಳ್ಳುವವನು ಕಾರಿನಿಂದ ಇಳಿಯುವುದೇ ಇಲ್ಲವಂತೆ. ಹೀಗೆ ಆ ಹೆಣ್ಣು ಒಬ್ಬಳೇ ಇಡೀ ಬಡಾವಣೆಯ ಸಂಸಾರ ನಡೆಸುತ್ತಿದ್ದಳು.

ಆ ಬೀಗದ ಕೈಗಳಿಗೆ ವಿಳಾಸವಿರಲಿಲ್ಲ. ಕಳ್ಳರ ಕೈಗೆ ಸಿಕ್ಕರೆ ಕಷ್ಟ ಎಂದು ಏರುಗತಿಯ ಅಪ್ಪನ ಕಾಲದಿಂದಲೂ ಬರೆಯುತ್ತಿರಲಿಲ್ಲ. ಹಳೆ ಕಚೇರಿಯ ಗೋಡೆ ತುಂಬ ಕೊಕ್ಕೆಗಳು. ಯಾವ ಕೊಕ್ಕೆ ಯಾವ ಮನೆಯದೆಂದು ಅಣ್ಣ ತಂಗಿಗೆ ಮಾತ್ರ ಗೊತ್ತು. ಕಳ್ಳರಿಗೆ ಅಷ್ಟು ಹೆದರಿದವರು ಸಾಮಾನು ಸಾಗಿಸುವವರಿಗೆ ಹೆದರಲಿಲ್ಲ. ಆ ಪುಣ್ಯಾತ್ಮರು ಅಷ್ಟನ್ನೂ ಕೊಕ್ಕೆಯಿಂದ ಕಿತ್ತು ಒಂದೇ ಬಕೆಟ್ಟಿಗೆ ಸುರಿದು, "ಆಯ್ತು ಸಾರ್" ಅಂದಿದ್ದರು.

ಕೊನೆಗೂ ಬೀಗ ತೆರೆಯಿತು.

ಒಳಗೆ ಹೆಜ್ಜೆಯಿಟ್ಟೆ. ಗೋಡೆಯ ಮೇಲೆ ಒಂದು ಕುಟುಂಬದ ಫೋಟೋ. ಫೋಟೋ ಫ್ರೇಮಿನ ಅಂಗಡಿಯಲ್ಲಿ ಫ್ರೇಮಿನ ಜೊತೆ ಪುಕ್ಕಟೆ ಬರುತ್ತದಲ್ಲ, ಆ ಕುಟುಂಬ. ಹಿಂದಿನ ಮನೆಯಲ್ಲೂ ಅವರೇ ನಗುತ್ತಿದ್ದರು. ಅದರ ಹಿಂದಿನದರಲ್ಲೂ. ಮೇಜಿನ ಮೇಲೆ ಪ್ಲಾಸ್ಟಿಕ್ ಸೇಬು. ಮಡಿಕೆ ಮುರಿಯದ ಹಾಸಿಗೆ.

"ತಂಗೀ..." ಎಂದು ಅತ್ತಿಗೆ ಕೂಗಿದರು. ಮನೆ ಅದನ್ನೇ ತಿರುಗಿ ಕೂಗಿತು.

ಅಡುಗೆಮನೆಯ ನಲ್ಲಿ ತಿರುಗಿಸಿದೆ. ಗೊರ ಗೊರ ಅಂತು, ಅಷ್ಟೆ. ಖಾಲಿ ಮನೆಗಳಿಗೆ ನೀರು ಬಿಟ್ಟಿಲ್ಲ. ಇಂಥ ಒಂದು ಮನೆಯೊಳಗೆ ಆ ಹುಡುಗಿ ಬೀಗದ ಹಿಂದೆ ಇದ್ದರೆ, ಇಷ್ಟು ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿರಬೇಕು. ಅತ್ತಿಗೆಯ ಮುಖ ನೋಡಿದೆ. ಅವರೂ ಅದನ್ನೇ ನೆನೆಯುತ್ತಿದ್ದರು.

"ದೀಪ ಹಾಕೋ ಹೊತ್ತಿನ ತನಕ ನೋಡ್ತೀನಿ," ಅಂದರು. "ಆಮೇಲೆ ನಾನೇ ಪೊಲೀಸಿಗೆ ಹೇಳ್ತೀನಿ. ಆ ಏರುಗತಿ ಕಾಲಿಗೆ ಬಿದ್ರೂ ಬಿಡಲ್ಲ."

ಅವನು ಕಾಲಿಗೆ ಬಿದ್ದದ್ದು ನಿಜ. ಹೊಸ ಕಚೇರಿಯ ಉದ್ಘಾಟನೆ ಅಂದೇ ಸಂಜೆ. ದೊಡ್ಡ ದೊಡ್ಡ ಕುಳಗಳು ಬರುವವರಿದ್ದರು. ಪೊಲೀಸರು ಬಂದು ಬಾಗಿಲು ಒಡೆದರೆ, ದೀಪ ಉರಿಯುವ ಮನೆಗಳೆಲ್ಲ ಟೊಳ್ಳು ಎಂದು ಲೋಕಕ್ಕೇ ತಿಳಿಯುತ್ತದೆ, ಮನೆಗಳ ಬೆಲೆ ಪಾತಾಳ ಸೇರುತ್ತದೆ ಎಂದು ಗೋಳಾಡಿದ್ದ.

ಹಿತ್ತಲಿನ ಹಗ್ಗದ ಮೇಲೆ ಬಟ್ಟೆಗಳಿದ್ದವು. ಬಿಸಿಲಿಗೆ ಒಂದೇ ಮಗ್ಗುಲು ಬಣ್ಣ ಕಳೆದುಕೊಂಡು, ಧೂಳು ಕುಡಿದು, ಹಪ್ಪಳದಂತೆ ಗರಿಗರಿ. ಮುಟ್ಟಿದರೆ ಸದ್ದಾಗುತ್ತಿತ್ತು.

ಬೀದಿಗೆ ಬಂದಾಗ ಮೂಲೆಯ ಮನೆ ಕಣ್ಣಿಗೆ ಬಿತ್ತು. ಗೇಟಿಗೆ 'ಮಾರಾಟವಾಗಿದೆ' ಎಂಬ ಹಳೆಯ ಫಲಕ. ಮಗ್ಗುಲಿನ ಹಗ್ಗದ ಮೇಲೆ ಒಂದು ನೀಲಿ ಅಂಗಿ, ಬೆನ್ನು ನಮ್ಮ ಕಡೆಗೆ. ಅದರ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸದ್ಯ, ಇಲ್ಲೊಂದಾದ್ರೂ ನಿಜವಾದ ಸಂಸಾರ ಇದೆಯಲ್ಲ," ಎಂದು ಅತ್ತಿಗೆ ಉಸಿರುಬಿಟ್ಟರು.

ಹುಡುಗಿಯನ್ನು ಕಂಡಿದ್ದಾರೇನೋ ಕೇಳೋಣ ಎಂದು ಹೋಗಿ ಬೆಲ್ ಒತ್ತಿದೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಬಾಗಿಲ ಆಚೆ ಯಾರೋ ನಿಂತಿದ್ದಾರೆ ಎಂದು ನನ್ನ ಬೆನ್ನಿಗೆ ಗೊತ್ತಾಯಿತು. ಕಿವಿಗೆ ಏನೂ ಕೇಳಿಸಿರಲಿಲ್ಲ. ಹುಲಿ ಎದುರಾದರೆ ಮೀಸೆ ತಿರುವಿ ಕ್ಷೇಮ ವಿಚಾರಿಸುವವನು ನಾನು. ಆದರೂ ಅತ್ತಿಗೆ ಒಬ್ಬರೇ ನಿಂತಿದ್ದಾರಲ್ಲ ಎಂಬ ಕಾಳಜಿಯಿಂದ ಬೇಗ ಬೇಗ ಹಿಂತಿರುಗಿದೆ.

"ಓಡಿ ಬಂದ್ಯಲ್ಲೋ?"

"ಚುರುಕಾಗಿ ನಡೆದೆ."

ಇನ್ನೊಂದು ಬೀದಿ, ಇನ್ನೊಂದು ರಾಶಿ ಬಾಗಿಲು. ಮಧ್ಯಾಹ್ನದ ಬಿಸಿಲಿಗೆ ಬಕೆಟ್ಟಿನ ಹಿಡಿ ಕಾದ ಕಬ್ಬಿಣವಾಯಿತು. ಆಗ ಅತ್ತಿಗೆ ನಡುಬೀದಿಯಲ್ಲೇ ನಿಂತುಬಿಟ್ಟರು.

"ಅಲ್ಲ ಕಣೋ, ನಾವೆಂಥ ಪೆದ್ದರು! ಈ ಬಕೆಟ್ಟಲ್ಲಿರೋ ಬೀಗದ ಕೈ ಒಂದಕ್ಕೂ ಆ ಮನೆ ಬಾಗಿಲು ತೆರೆಯಲ್ಲ."

"ಯಾಕೆ?"

"ಅವಳು ಬೀಗ ತೆಗೆದುಕೊಂಡೇ ಒಳಗೆ ಹೋಗಿದ್ದು ತಾನೆ? ಆ ಬೀಗದ ಕೈ ಅವಳ ಹತ್ರಾನೇ ಇರುತ್ತೆ! ಯಾವುದು ಇಲ್ಲಿ ಇದೆ ಅಂತಲ್ಲ, ಯಾವುದು ಇಲ್ಲಿ ಇಲ್ಲ ಅಂತ ನೋಡ್ಬೇಕು."

ಇದು ನನಗೆ ಬೆಳಿಗ್ಗೆಯೇ ಹೊಳೆದಿತ್ತು. ಅತ್ತಿಗೆಯ ಬುದ್ಧಿ ಚುರುಕಾಗಲಿ ಎಂದು ಸುಮ್ಮನಿದ್ದೆ.

ಹಳೆ ಕಚೇರಿಗೆ ಓಡಿದೆವು. ಕುರ್ಚಿ ಇಲ್ಲ, ಮೇಜಿಲ್ಲ. ಹೆಜ್ಜೆ ಹಾಕಿದರೆ ಬಾವಿಯೊಳಗೆ ನಡೆದಂತೆ. ಆದರೆ ಆ ಗೋಡೆ! ಎಷ್ಟೋ ವರ್ಷ ಕಿಟಕಿಯ ಬಿಸಿಲು ಬಡಿದು ಹಳದಿ ಬಣ್ಣ ಮಾಸಿತ್ತು. ಬೀಗದ ಕೈ ತೂಗುತ್ತಿದ್ದ ಕಡೆ ಮಾತ್ರ ಮಾಸಿರಲಿಲ್ಲ. ಪ್ರತಿ ಕೊಕ್ಕೆಯ ಕೆಳಗೂ ಒಂದೊಂದು ಬೀಗದ ಕೈಯ ಅಚ್ಚು. ಗಿಡ್ಡದು, ಉದ್ದನೆಯದು, ದುಂಡು ತಲೆಯದು. ಗೋಡೆ ಏನನ್ನೂ ಮರೆತಿರಲಿಲ್ಲ.

ಅದರ ಮುಂದೆ ಏಣಿ ಹಾಕಿಕೊಂಡು ಒಬ್ಬ ಪೇಂಟರ್ ಬಿಳಿ ಬಣ್ಣ ಬಳಿಯುತ್ತಿದ್ದ.

"ನಿಲ್ಲಿಸು!" ಎಂದು ನಾನು ಗರ್ಜಿಸಿದೆ. ಕಿಟಕಿ ಗಾಜುಗಳು ನಡುಗಿದವು. ಪೇಂಟರ್ ಮಾತ್ರ ನಡುಗಲಿಲ್ಲ. ನಿಧಾನಕ್ಕೆ ತಿರುಗಿ ನಕ್ಕ. ಸಭ್ಯ ಮುಖ. ಒಮ್ಮೆ ನೋಡಿದರೆ ನೆನಪಿನಲ್ಲಿ ನಿಲ್ಲದಂಥದು.

"ದಲ್ಲಾಳಿ ಸಾಹೇಬ್ರು ಹೇಳಿದಾರೆ ಸಾರ್. ಇವತ್ತೇ ಮುಗಿಸ್ಬೇಕಂತೆ."

"ಸ್ವಲ್ಪ ಹೊತ್ತು ತಡಿಯಪ್ಪ," ಅಂದರು ಅತ್ತಿಗೆ. ಬಕೆಟ್ಟು ಕೆಳಗಿಟ್ಟು ಒಂದೊಂದೇ ಬೀಗದ ಕೈ ಎತ್ತಿ, ಅಚ್ಚಿಗೆ ಹಿಡಿದು, ಸರಿಹೋದ ಕೊಕ್ಕೆಗೆ ತೂಗುಹಾಕತೊಡಗಿದರು.

"ನೀವು ಯಾರು ಸಾರ್?" ಎಂದು ಪೇಂಟರ್ ವಿನಯದಿಂದ ಕೇಳಿದ.

ಕೇಳಿದ ಮೇಲೆ ಹೇಳದಿರಲು ನಾನೇನು ಕಲ್ಲೇ? ಹೇಳಿದೆ. ನಾನು ಹಿಡಿದ ಕಳ್ಳರನ್ನು ಸಾಲಾಗಿ ನಿಲ್ಲಿಸಿದರೆ ಸಮುದ್ರ ದಾಟುತ್ತದೆ ಎಂದೆ. ಆ ಹುಡುಗಿಯನ್ನು ಬಚ್ಚಿಟ್ಟವನು ಸೂರ್ಯ ಮುಳುಗುವುದರೊಳಗೆ ನನ್ನ ಮುಷ್ಟಿಯಲ್ಲಿ ಎಂದೆ. ಅತ್ತಿಗೆ ಆಗ ಕೆಂಪು ದಾರ ಕಟ್ಟಿದ ಒಂದನ್ನು ತೂಗುಹಾಕುತ್ತಿದ್ದರು.

"ನೋಡು, ಅದು ನಮ್ಮ ಮನೇದೇ, ಇನ್ನೊಂದು ಬೀಗದ ಕೈ! ನಾವು ಬಾಡಿಗೆಗೆ ಬಂದಿದ್ದೂ ಇವರ ಮೂಲಕವೇ. ನೀರಿನ ಟ್ಯಾಂಕಿನ ಹಿಂದೆ, ಹಸಿರು ಗೇಟು. ಈ ಕೇಸು ಮುಗಿದ ಮೇಲೆ ಬಾ, ಪೂರ್ತಿ ಕಥೆ ಹೇಳ್ತೀನಿ. ನಾನಿಲ್ಲದಿದ್ರೂ ನಮ್ಮಣ್ಣ ಇರ್ತಾನೆ. ಬಲ್ಬು ಬದಲಾಯಿಸೋಕೆ ಹೋಗಿ ಆಕಾಶದಿಂದ ಬಿದ್ದು ಎರಡೂ ಕಾಲು ಮುರ್ಕೊಂಡಿದಾನೆ. ಹಾಸಿಗೆ ಬಿಟ್ಟು ಅಲ್ಲಾಡಲ್ಲ."

"ಸ್ಟೂಲಿನಿಂದ ಬಿದ್ದಿದ್ದು. ಒಂದೇ ಕಾಲು," ಅಂದರು ಅತ್ತಿಗೆ, ತಿರುಗದೆ. "ಬಾಯಿಗೂ ಒಂದು ಬೀಗ ಮಾಡಿಸ್ಬೇಕು ನಿನಗೆ."

ಪೇಂಟರ್ ಮೆಲ್ಲಗೆ ನಕ್ಕ. "ಅಣ್ಣ ತಮ್ಮ, ಅತ್ತಿಗೆ... ತುಂಬಿದ ಮನೆ ಸಾರ್ ನಿಮ್ದು," ಅಂದ.

ಬಕೆಟ್ಟು ಬರಿದಾಯಿತು. ಗೋಡೆ ತುಂಬಿತು. ಎಲ್ಲ ಕೊಕ್ಕೆಗೂ ಅದರದರದು ಸಿಕ್ಕಿತ್ತು, ಒಂದನ್ನು ಬಿಟ್ಟು. ಆ ಕೊಕ್ಕೆ ಹೊಸ ಬಿಳಿ ಬಣ್ಣದ ನಡುವೆ ಇತ್ತು. ಹಸಿ ಬಣ್ಣವನ್ನು ಕರವಸ್ತ್ರದಿಂದ ಒರೆಸಿದೆ. ಅಡಿಯಲ್ಲಿ ಎಲೆಯಾಕಾರದ ತಲೆಯ ಉದ್ದನೆಯ ಬೀಗದ ಕೈಯ ಅಚ್ಚು ಮೂಡಿತು.

"ಗೋಡೆಗೆ ಬಣ್ಣ ಬಳಿಯೋರು ಮೇಲಿಂದ ಶುರು ಮಾಡ್ತಾರೆ," ಅಂದರು ಅತ್ತಿಗೆ ಮೆಲುದನಿಯಲ್ಲಿ. "ನೀನ್ಯಾಕಪ್ಪ ಇಲ್ಲಿಂದ ಶುರು ಮಾಡಿದೆ?"

"ಸಾಹೇಬ್ರು ತೋರಿಸಿದ ಕಡೆಯಿಂದ ಅಮ್ಮ."

ಅಷ್ಟು ಸಾಕಾಗಿತ್ತು. ನನ್ನ ಮಿದುಳು ಮಿಂಚಿನಂತೆ ಓಡಿತು. ಅಣ್ಣನೇ! ತಂಗಿ ಹೋದ ಮನೆಯ ಗುರುತನ್ನು ಅಣ್ಣನೇ ಅಳಿಸುತ್ತಿದ್ದಾನೆ! ಅತ್ತಿಗೆಯ ಕೈ ಹಿಡಿದು ರಸ್ತೆ ದಾಟಿದೆ.

ಹೊಸ ಕಚೇರಿ ಪೂರ್ತಿ ಗಾಜು. ಒಳಗೆ ಅತ್ತರಿನ ವಾಸನೆಯ ಗುಂಪು, ಕೈಯಲ್ಲಿ ಚಹಾ. ಗೋಡೆಯ ಮೇಲೆ ಆನೆಗಾತ್ರದ ಕೆಂಪು ಬಾಣ. ಕೆಲಸದವರು ಅದನ್ನು ಮೊದಲು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡಿದ್ದರು, ಈಗ ಮೇಲಕ್ಕೆ ನೋಡುತ್ತಿತ್ತು. ಏರುಗತಿ ಮೈಕು ಹಿಡಿದಿದ್ದ.

"ಈ ವರ್ಷ ಮಾರುಕಟ್ಟೆ ಸ್ವಲ್ಪ ದಣಿವಾರಿಸಿಕೊಳ್ಳುತ್ತಿದೆ, ಅಷ್ಟೆ. ಬರುವ ವರ್ಷ ಏರುತ್ತದೆ. ಇವತ್ತು ಕೊಳ್ಳದವರು ನಾಳೆ..."

ಅವನನ್ನು ಕತ್ತಿನ ಪಟ್ಟಿ ಹಿಡಿದು ಪರದೆಯ ಹಿಂದಕ್ಕೆ ಎಳೆದೆ.

"ಗೋಡೆಗೆ ಬಣ್ಣ ಯಾಕೆ ಬಳಿಸ್ತಿದ್ದೀಯ?"

"ಯಾವ ಬಣ್ಣ? ನಾನೆಲ್ಲಿ..."

"ನಾಟಕ ಬೇಡ! ನನ್ನ ಕಣ್ಣಿಗೆ ಮಣ್ಣೆರಚೋನು ಇನ್ನೂ ತಾಯಿ ಹೊಟ್ಟೇಲೇ ಇದಾನೆ! ಕಿಟಕಿ ಪಕ್ಕದ ಸಾಲಿನ ಮೊದಲನೇ ಕೊಕ್ಕೆ. ಎಲೆ ತಲೆಯ ಬೀಗದ ಕೈ. ಯಾವ ಮನೇದು ಅದು?"

ಅವನ ಮುಖದಿಂದ ರಕ್ತ ಇಳಿಯಿತು. "ಅದು... ಮೂಲೆ ಮನೆ. ಮಾರಾಟವಾಗಿದೆ."

"ಮಾರಾಟವಾದ ಮನೆ ಬೀಗದ ಕೈ ನಿಮ್ಮ ಗೋಡೆ ಮೇಲೆ ಯಾಕಿತ್ತು?" ಎಂದು ಅತ್ತಿಗೆ ಕೇಳಿದರು.

ಪರದೆಯಾಚೆ ಯಾರೋ ನಗುತ್ತಿದ್ದರು. ಕಪ್ಪು-ಸಾಸರುಗಳ ಸದ್ದು. ಏರುಗತಿ ಗೋಡೆಗೊರಗಿ ಕುಸಿದು ಕುಳಿತ.

"ಕೊಂಡವರು ಯಾರೂ ಇಲ್ಲ ಅಮ್ಮಾ. ನಾನೇ ಹುಟ್ಟಿಸಿದ್ದು. ಮೊದಲನೇ ಮನೆ ಒಳ್ಳೇ ಬೆಲೆಗೆ ಹೋಯ್ತು ಅಂದ್ರೆ ತಾನೆ ಎರಡನೇದಕ್ಕೆ ಜನ ಬರೋದು? ದೂರದ ಊರಿನ ದೊಡ್ಡ ಮನುಷ್ಯ ಕೇಳಿದ್ದಷ್ಟು ಕೊಟ್ಟು ತಗೊಂಡ ಅಂತ ಹಬ್ಬಿಸಿದೆ. ಬೀದಿ ಪೂರ್ತಿ ಆ ಬೆಲೆ ಮೇಲೇ ನಿಂತಿದೆ."

"ಅಲ್ಲಿ ದೀಪ ಉರಿಯುತ್ತಲ್ಲ? ಹಾಕೋದು ಯಾರು?"

"ತಂಗಿ. ನಾನು ಆ ಕಡೆ ಕಾಲೇ ಇಡಲ್ಲ." ಅಷ್ಟು ಹೇಳಿ ಅವನು ತಟ್ಟನೆ ತಲೆಯೆತ್ತಿದ. "ಸಾಮಾನು ಸಾಗಿಸೋ ಗಲಾಟೇಲಿ ಅವಳು ಬೈದಿದ್ಲು. 'ಮೂಲೆ ಮನೆಗೆ ದಿನಾ ನೀನು ದೀಪ ಹಾಕೋದು ನಿಲ್ಲಿಸಣ್ಣಾ, ಅದು ಮಾರಾಟ ಆಗಿದೆಯಲ್ಲ, ಕರೆಂಟು ದಂಡ' ಅಂತ. ತಮಾಷೆ ಮಾಡ್ತಾಳೆ ಅಂದ್ಕೊಂಡು ನಕ್ಕುಬಿಟ್ಟೆ."

ವರ್ಷಗಟ್ಟಲೆ ತಂಗಿ ಹಾಕುತ್ತಾಳೆಂದು ಅಣ್ಣ, ಅಣ್ಣ ಹಾಕುತ್ತಾನೆಂದು ತಂಗಿ. ಇಬ್ಬರೂ ಹಾಕದ ದೀಪ ಪ್ರತಿ ಸಂಜೆ ಹೊತ್ತಿಕೊಳ್ಳುತ್ತಿತ್ತು.

"ನೀರು!" ಎಂದು ಅತ್ತಿಗೆ ನನ್ನ ತೋಳು ಹಿಂಡಿದರು. "ಬೆಳಿಗ್ಗೆ ಆ ಮನೇಲಿ ಒದ್ದೆ ಬಟ್ಟೆ ಇತ್ತು ಕಣೋ! ನೀಲಿ ಅಂಗಿ!"

"ನಮ್ಮ ಆಫೀಸಿನ ಅಂಗಿ ನೀಲಿ," ಅಂದ ಏರುಗತಿ. "ಜೇಬಿನ ಮೇಲೆ ಪುಟ್ಟ ಮನೆಯ ಕಸೂತಿ. ಅವಳದೂ ಅದೇ."

ಹೊರಗಿನಿಂದ ಯಾರೋ ಕರೆದರು: ಭಾಷಣ ಮುಂದುವರಿಯಲಿ ಸಾರ್, ಬೆಲೆ ಏರೋದು ಯಾವಾಗ ಹೇಳಿ! ಅವನು ಪರದೆಯ ಕಡೆ ನೋಡಿದ. ನಮ್ಮ ಕಡೆ ನೋಡಿದ.

"ಮಾರುಕಟ್ಟೆ ಏರ್ಲಿ ಇಳೀಲಿ," ಅಂದರು ಅತ್ತಿಗೆ, "ನೀವೀಗ ಮೆಟ್ಟಿಲು ಇಳೀರಿ."

ಅವನು ಮೈಕನ್ನು ನೆಲದ ಮೇಲಿಟ್ಟು ಇಳಿದ. ಕಾರು ಹೊರಟಾಗ ಹಳೆ ಕಚೇರಿಯ ಬಾಗಿಲು ಹಾರುಹೊಡೆದಿತ್ತು. ಏಣಿ ನಿಂತಿತ್ತು. ಏಣಿಯ ಮೇಲೆ ಯಾರೂ ಇರಲಿಲ್ಲ.

ದಾರಿಯಲ್ಲಿ ಅತ್ತಿಗೆ ಪೊಲೀಸಿಗೆ ಫೋನು ಮಾಡಿದರು. ಏರುಗತಿ ಬೇಡವೆನ್ನಲಿಲ್ಲ.

ಬೀದಿ ತಲುಪುವಾಗ ಸೂರ್ಯ ಮನೆಗಳ ಹಿಂದೆ ಇಳಿದಿದ್ದ. ನೀಲಿ ಅಂಗಿ ಈಗ ಗಾಳಿಗೆ ತಿರುಗಿ ನಮಗೆ ಎದೆ ತೋರಿಸುತ್ತಿತ್ತು. ಜೇಬಿನ ಮೇಲೆ ಪುಟ್ಟ ಮನೆ. ಏರುಗತಿಯ ಗಂಟಲಿನಿಂದ ಹೊರಟ ಸದ್ದನ್ನು ನಾನು ಬರೆಯಲಾರೆ.

ಬಾಗಿಲಿಗೆ ಬೀಗ. ಕಿಟಕಿಯ ಗಾಜನ್ನು ಮೊಣಕೈಯಿಂದ ಯಾವ ಕೋನದಲ್ಲಿ ಗುದ್ದಿದರೆ ಸದ್ದಿಲ್ಲದೆ ಒಡೆಯುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅತ್ತಿಗೆ ಹೂಕುಂಡ ಎತ್ತಿ ಎಸೆದರು.

ಒಳಗೆ ಊಟದ ಮೇಜು. ತಟ್ಟೆಗಳು ಹಾಕಿದ್ದವು. ಕುರ್ಚಿಯ ಮೇಲೆ, ಯಾರದೋ ಮಾಸಿದ ದೊಗಲೆ ಬಟ್ಟೆ ತೊಟ್ಟು, ತಂಗಿ ಕುಳಿತಿದ್ದಳು. ಬಟ್ಟೆ ಒಣಗಿಸುವ ಹಗ್ಗದಿಂದ ಅವಳ ಕೈಕಾಲುಗಳನ್ನು ಕುರ್ಚಿಗೆ ಬಿಗಿದಿತ್ತು. ಗೋಡೆಯ ಮೇಲೆ ಅಂಗಡಿಯ ಅದೇ ಕುಟುಂಬ ನಗುತ್ತಿತ್ತು. ಆದರೆ ಇಲ್ಲಿ ಅಪ್ಪನ ಮುಖವನ್ನು ಕತ್ತರಿಸಿ ತೆಗೆದಿತ್ತು.

ಜೀವ ಇತ್ತು. ಅಣ್ಣ ಮಂಡಿಯೂರಿ ಹಗ್ಗ ಬಿಚ್ಚುತ್ತ ಮಗುವಿನ ಹಾಗೆ ಅಳುತ್ತಿದ್ದ.

"ಕೂಗ್ಬಾರ್ದಿತ್ತೇನೆ? ಕೂಗ್ಬಾರ್ದಿತ್ತಾ?"

"ಕೂಗಿದೆ ಅಣ್ಣಾ. ಎದುರುಗಡೆ ಎಲ್ಲಾ ಮನೇಲೂ ದೀಪ ಇತ್ತು. ಯಾರಾದ್ರೂ ಬರ್ತಾರೆ ಅಂತ ಕೂಗ್ತಾನೇ ಇದ್ದೆ." ಅವಳ ದನಿ ಒಣಎಲೆಯಾಗಿತ್ತು. "ಆಮೇಲೆ ನೆನಪಾಯ್ತು. ಆ ದೀಪ ಎಲ್ಲಾ ನಾನೇ ಹಾಕಿದ್ದಲ್ವಾ?"

ಅತ್ತಿಗೆ ನೀರು ಕುಡಿಸಿದರು. ಅವಳು ನನ್ನ ಕಡೆ ನೋಡಿದಳು.

"ಬೆಳಿಗ್ಗೆ ಬೆಲ್ ಒತ್ತಿದ್ದು ನೀವಾ? ನಾವು ಬಾಗಿಲ ಹಿಂದೇನೇ ಇದ್ವಿ. ನನ್ನ ಬಾಯಿ ಮೇಲೆ ಅವನ ಕೈ ಇತ್ತು."

"ಯಾರಮ್ಮಾ ಅವನು?"

"ಈ ಮನೆ ಕೊಂಡವನು ತಾನೇ ಅಂತಾನೆ. ಅಣ್ಣ ಹೇಳ್ತಿದ್ದ ಆ ದೂರದ ಊರಿನ ದೊಡ್ಡ ಮನುಷ್ಯ. ನಂಬಿಬಿಟ್ಟಿದಾನೆ. ಬೈಯಲ್ಲ, ಹೊಡೆಯಲ್ಲ. ಊಟಕ್ಕೆ ಕೂರಿಸ್ತಾನೆ. ಮನೆ ಅಂದ್ಮೇಲೆ ಜನ ತುಂಬಿರ್ಬೇಕು, ಒಬ್ಬೊಬ್ಬರನ್ನೇ ಕರ್ಕೊಂಡು ಬರ್ತೀನಿ ಅಂತಾನೆ. ನೀವು ಬೆಲ್ ಒತ್ತಿ ಹೋದ್ಮೇಲೆ ಎಲ್ಲೋ ಹೋದ. ಈಗ ಸ್ವಲ್ಪ ಹೊತ್ತಿನ ಹಿಂದೆ ಬಂದು ಇನ್ನೊಂದು ತಟ್ಟೆ ಹಾಕಿ ಮತ್ತೆ ಹೋದ. ಕೈಯೆಲ್ಲ ಬಿಳಿ ಬಣ್ಣ."

"ಪೇಂಟರನ್ನ ಕರೆಸಿದ್ದು ನೀನಲ್ವಾ?" ಎಂದು ಏರುಗತಿಯನ್ನು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಆವಾಗ್ಲೇ ಹೇಳೋಕೆ ಬಂದೆ. ನೀವು ಬಾಯಿ ಬಿಡೋಕೆ ಬಿಟ್ರೆ ತಾನೆ?"

ಮೇಜಿನ ಮೇಲಿನ ಆ ಹೊಸ ತಟ್ಟೆಯನ್ನು ನೋಡಿದೆ. ಅದರ ಅಂಚಿನಲ್ಲಿ ಬಿಳಿ ಬೆರಳಚ್ಚು, ಇನ್ನೂ ಹಸಿ. ಆ ಕುರ್ಚಿಯ ಮುಂದೆ ಒಂದು ಮೆತ್ತನೆಯ ಸ್ಟೂಲು ಇಟ್ಟಿದ್ದ. ಕಾಲು ಚಾಚಿ ಇಡಲಿಕ್ಕೆ.

ಅತ್ತಿಗೆ ನನ್ನನ್ನು ಬೈಯಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಮನೆಗೆ ಫೋನು ಹಚ್ಚಿದರು. ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು. ಆಮೇಲೆ ನಮ್ಮಣ್ಣನ ದನಿ, ನಿದ್ದೆಗಣ್ಣಿನದು, ಎಂದಿನಂತೆ ಸಂತೋಷದ್ದು.

"ಎಲ್ಲಿದ್ದೀರೇ ಇಬ್ರೂ? ಆ ಪೇಂಟರ್ ಬಂದಿದಾನೆ ನೋಡು, ನೀವು ಕಳಿಸಿದೋನು. ಬಹಳ ಒಳ್ಳೇ ಮನುಷ್ಯ ಕಣೆ! ನಾನು ಏಳೋ ಕಷ್ಟವೇ ಇಲ್ಲ ಅಂತ ಕೆಂಪು ದಾರದ ಬೀಗದ ಕೈನೂ ಕೊಟ್ಟು ಕಳಿಸಿದ್ರಲ್ಲ, ತಾನೇ ಬಾಗಿಲು ತೆಗೆದ. ನನ್ನನ್ನ ಎತ್ಕೊಂಡೇ ಹೋಗ್ತಾನಂತೆ... ಎಲ್ಲೋ ಊಟಕ್ಕೆ ಹೇಳಿದ್ದೀರಂತಲ್ಲ?"